ಹನ್ನೊಂದನೆಯ ಸಾಲು

ಮಸ್ಕತ್ತಿಗೆ ನನಗಿಂತ ಮೊದಲು ಬಂದದ್ದು ಸಮುದ್ರ ಒಂದೇ. ಉಳಿದವರೆಲ್ಲ ನನ್ನ ನಂತರದವರು. ನಾನು ಬಂದಿಳಿದಾಗ ವಾದಿ ಅದಾಯ್‌ನ ಬೆಟ್ಟಗಳು ಈಗಷ್ಟೇ ಒಲೆಯಿಂದ ಇಳಿಸಿದ ಹಾಗೆ ಹೊಗೆಯಾಡುತ್ತಿದ್ದವು. ಈಗ ತುಸು ಆರಿವೆ. ಅಲ್ಲಿ ಗ್ಯಾರೇಜುಗಳ ಮೇಲಂತಸ್ತಿನ ಒಂದು ಕೋಣೆಯಲ್ಲಿ ಹಳೆಯ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಮೊದಲು ಒಂಬತ್ತು ಜನರಿದ್ದೆವು. ಈಗ ನಾನು ಮತ್ತು ಎ.ಸಿ. ಇಬ್ಬರಲ್ಲಿ ಹೆಚ್ಚು ಮಾತಾಡುವುದು ಎ.ಸಿ.

ಎರಡು ವರ್ಷಗಳಿಂದ ನನ್ನ ಮೇಜಿನ ಮೇಲೆ ಐರ್ಲೆಂಡ್ ಕೂತಿದೆ. ಡನ್‌ಮೋರಾ ಎಂಬ ಜಮೀನ್ದಾರಿ ಮನೆತನದ ಇನ್ನೂರು ವರ್ಷಗಳ ಕಾಗದಗಳು, ಜೊತೆಗೆ ಅವರ ಊರಿನ ಕ್ರಿಕೆಟ್ ಕ್ಲಬ್ಬಿನ ಪುಸ್ತಕಗಳು. ಅಲ್ಲಿಯವರು ಪುಟಗಳ ಚಿತ್ರ ತೆಗೆದು ಕಳಿಸುತ್ತಾರೆ. ಯಾವ ಪುಟದಲ್ಲಿ ಯಾರ ಹೆಸರಿದೆ ಎಂದು ನಾನು ಪಟ್ಟಿ ಮಾಡುತ್ತೇನೆ. ಆ ಮನೆಯ ಬೆಕ್ಕು ಎಷ್ಟು ಮರಿ ಹಾಕಿತ್ತು ಎಂದು ಕೇಳಿದರೂ ಹೇಳಬಲ್ಲೆ. ಹಿರಿಯ ಸೊಸೆ ಮುನಿಸಿಕೊಂಡು ಗಂಡನಿಗೆ ಬರೆದ ನಲವತ್ತೊಂದು ಪತ್ರಗಳನ್ನು ಆ ಗಂಡನೂ ಪೂರ್ತಿ ಓದಿರಲಿಕ್ಕಿಲ್ಲ. ನಾನು ಎರಡೆರಡು ಸಲ ಓದಿದ್ದೇನೆ. ನನ್ನ ಮೇಲೆ ಮುನಿಸಿಕೊಳ್ಳುವವರು ಯಾರೂ ಇಲ್ಲದ ಕಾರಣ ಅದೊಂದು ರುಚಿ.

ಹೋದ ಚಳಿಗಾಲದಲ್ಲಿ ಆ ಕ್ಲಬ್ಬಿನ ಒಂದು ಪಟ್ಟಿಯಲ್ಲಿ ಕೊನೆಯ ಹೆಸರಿನ ಶಾಯಿ ಬೇರೆ ಎಂದು ಪತ್ತೆ ಮಾಡಿದೆ. ಇಡೀ ಯುರೋಪಿನಲ್ಲಿ ಯಾರ ಕಣ್ಣಿಗೂ ಬೀಳದ್ದು ಈ ನೊರ್ಬರ್ಟನ ಕಣ್ಣಿಗೆ ಬಿತ್ತು. 'ನಂತರ ಸೇರಿಸಿದ್ದು, ನಂಬಲಾಗದು' ಎಂದು ಷರಾ ಬರೆದೆ. ಅವರು ಆ ಹೆಸರನ್ನು ಪಟ್ಟಿಯಿಂದ ತೆಗೆದು, ನನಗೆ ಧನ್ಯವಾದ ಹೇಳಿದರು.

ಇದನ್ನು ನಾನು ಎದುರು ಸಿಕ್ಕವರಿಗೆಲ್ಲ ಹೇಳಿದೆ. ಆಶ್ಲೆಗೆ ಮೂರು ಸಲ ಹೇಳಿದೆ. ಆಶ್ಲೆ, ತೀರಿಹೋದ ನನ್ನ ಗೆಳೆಯ ಪೀಟರನ ಮಗಳು, ಮಸ್ಕತ್ತಿನ ಹೊರಬದಿಯ ಸೀಬ್‌ನಲ್ಲಿದ್ದಾಳೆ. ಪೀಟರ್, ಗದಗಿನ ಕಡೆಯ ಶೇಖಪ್ಪ, ನಾನು ಮತ್ತು ಇನ್ನೊಂದಿಷ್ಟು ಜನ ಇಲ್ಲಿ ಕಟ್ಟಿದ್ದ ಕ್ರಿಕೆಟ್ ಕ್ಲಬ್ಬು ಮುಚ್ಚಿ ಹದಿನೈದು ವರ್ಷವಾಯಿತು. ಅದರ ನೆನಪಿಗೆ ಆಶ್ಲೆ ಒಂದು ಕೂಟ ಮಾಡಿ, ಕಪ್ಪು ಗೆದ್ದ ಫೈನಲಿನ ತಂಡದ ಹೆಸರುಗಳನ್ನು ದೊಡ್ಡ ಬೋರ್ಡಿನಲ್ಲಿ ಹಾಕಿಸುವವಳಿದ್ದಳು. ಯಾರನ್ನು ಕೇಳಿದರೂ ತಾನೇ ಗೆಲ್ಲಿಸಿದ್ದು ಅನ್ನುತ್ತಾರೆ ಎಂದು ಗೋಳು ಹೇಳಿಕೊಂಡಳು. ನಾನು ಗಂಭೀರವಾಗಿ ಉಪದೇಶ ಮಾಡಿದೆ: ಬಾಯಿಮಾತು ನಂಬಬೇಡ, ರಿಜಿಸ್ಟರಿನಲ್ಲಿ ಇದ್ದದ್ದನ್ನೇ ಹಾಕು. ನಮ್ಮವರೆಲ್ಲ ಬೊಗಳೆ ಬಿಡುವವರು.

ರಿಜಿಸ್ಟರು ನನ್ನ ಬಳಿಯೇ ಇತ್ತು. ಹದಿನೆಂಟು ವರ್ಷ ಕಾರ್ಯದರ್ಶಿಯಾಗಿ ಅದನ್ನು ಬರೆದವನು ನಾನೇ. ಸ್ಕ್ಯಾನ್ ಮಾಡಿ ಕೊಡುತ್ತೇನೆಂದು ಹೇಳಿ, ಮಧ್ಯಾಹ್ನದ ಬಿಡುವಿನಲ್ಲಿ ತೆರೆದೆ.

ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ನನ್ನ ಅಪ್ಪ ಊರಿನ ಇಗರ್ಜಿಯ ಸಭೆಗಳ ವರದಿ ಬರೆಯುತ್ತಿದ್ದವರು. ಹಾಜರಿದ್ದವರ ಪಟ್ಟಿಯಲ್ಲಿ ತಮ್ಮ ಹೆಸರು ಬರೆಯುತ್ತಿರಲಿಲ್ಲ. ಬಡಿಸುವವನು ಪಂಕ್ತಿಯಲ್ಲಿ ಕೂರುತ್ತಾನೆಯೇ ಎನ್ನುತ್ತಿದ್ದರು. ಅದೇ ಪದ್ಧತಿಯನ್ನು ನಾನು ವಿಮಾನದಲ್ಲಿ ಹೊತ್ತು ತಂದಿದ್ದೆ. ಪ್ರತಿ ಪುಟದ ಕೆಳಗೆ 'ಕಾರ್ಯದರ್ಶಿ' ಎಂಬ ಪದ, ಅದರಡಿ ಎರೆಹುಳುವಿನಂಥ ಒಂದು ಗೀಟು, ಅಷ್ಟೇ. ಫೈನಲಿನ ದಿನ ಒಬ್ಬನಿಗೆ ಜ್ವರ ಬಂದು, ರನ್ನಿನ ಲೆಕ್ಕ ಬರೆಯುತ್ತಿದ್ದ ನಾನೇ ಬ್ಯಾಟು ಹಿಡಿದು ಇಳಿದಿದ್ದೆ. ಆ ಪುಟದಲ್ಲಿ ಹತ್ತು ಹೆಸರುಗಳಿವೆ. ಹನ್ನೊಂದನೆಯ ಸಾಲಿನಲ್ಲಿ ಹೆಸರಿನ ಜಾಗ ಖಾಲಿ. ಮುಂದೆ, 'ಔಟಾಗದೆ 1'.

ಆ ಒಂದು ರನ್ನೇ ಗೆಲುವಿನ ರನ್ನು. ಜನರಿಗೆ ಹೇಳುವಾಗ ಅದನ್ನು ಸಿಕ್ಸರ್ ಮಾಡಿದ್ದೇನೆ. ಚೆಂಡು ಸಮುದ್ರ ದಾಟಿ ಇರಾನಿನಲ್ಲಿ ಬಿದ್ದು, ಅಲ್ಲಿಯವರು ಅಂಚೆಯಲ್ಲಿ ವಾಪಸ್ ಕಳಿಸಿದರು ಎಂದೂ ಹೇಳಿದ್ದೇನೆ. ಬ್ಯಾಟಿನ ಅಂಚಿಗೆ ತಗುಲಿ, ಜಲ್ಲಿಯ ಮೈದಾನದಲ್ಲಿ ನಾಲ್ಕು ಮಾರು ಉರುಳಿತ್ತು, ನಿಜ ಅಷ್ಟೇ. ಆಚೆ ತುದಿಯಿಂದ ಓಡಿ ಬಂದ ಪೀಟರ್ ನನ್ನನ್ನು ಎತ್ತಿಕೊಂಡಿದ್ದ. ಆಮೇಲೆ ನನ್ನನ್ನು ಯಾರೂ ಎತ್ತಿಲ್ಲ.

ಊರಿಗೆ ಮರಳಿರುವ ಶೇಖಪ್ಪನಿಗೆ ಫೋನು ಮಾಡಿದೆ. ನಾನು ಆಡಿದ್ದೆನೆಂದು ಅವನೊಬ್ಬ ಹೇಳಿದರೆ ಸಾಕಿತ್ತು.

"ಅವತ್ತು ನೀನೂ ಆಡಿದ್ದಿ? ನನಗ ಅಷ್ಟು ನೆನಪಿಲ್ಲ ಬಿಡಪಾ. ನಾ ಐದು ವಿಕೆಟ್ ತಗೊಂಡಿದ್ದು ನೆನಪೈತಿ" ಎಂದ.

ಅವನು ತೆಗೆದದ್ದು ಎರಡು. ರಿಜಿಸ್ಟರಿನಲ್ಲಿದೆ.

ಫೋನು ಇಟ್ಟವನು ಪೆನ್ನು ಎತ್ತಿಕೊಂಡೆ. ಮೋಸ ಹಿಡಿಯುವವನಿಗೆ ಮೋಸ ಮಾಡುವುದೂ ಗೊತ್ತಿರುತ್ತದೆ. ನೀಲಿಗೆ ಕಪ್ಪು ಬೆರೆಸಿ, ಹಳೆಯ ಶಾಯಿ ಮಂಕಾದ ಬಣ್ಣ ತಂದೆ. ಹನ್ನೊಂದನೆಯ ಸಾಲಿನಲ್ಲಿ ನನ್ನದೇ ಕೈಬರಹದಲ್ಲಿ ನನ್ನ ಹೆಸರು ಬರೆದೆ. ಎಷ್ಟು ಚೆನ್ನಾಗಿ ಕೂತಿತೆಂದರೆ, ಡನ್‌ಮೋರಾ ಮನೆತನದವರೆಲ್ಲ ಎದ್ದು ಬಂದರೂ ತಲೆ ಬಾಗಬೇಕು.

ಮರುದಿನ ಆಶ್ಲೆ ಬಂದಳು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಳು. ಹಾಗೆ ನೋಡುವುದನ್ನು ಕಲಿಸಿದವನೂ ನಾನೇ.

"ಅಂಕಲ್, ಈ ಸಾಲು ಸ್ವಲ್ಪ ಹೊಳೀತದೆ ಅಲ್ವಾ?"

ನಾನು ಎ.ಸಿ.ಯ ರಿಮೋಟು ಹುಡುಕಿದೆ.

"ನೀವು ಆಡಿದ್ರಾ? ಜೋಕ್ ಬೇಡ."

"ಆಡಿದ್ದೆ."

"ಮೊನ್ನೆ ಚೆಂಡು ಇರಾನಿಗೆ ಹೋಯ್ತು ಅಂದ್ರಿ." ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇದು ಆಗಲೇ ಬರೆದದ್ದು ಅಂತ ಒಂದು ಮಾತು ಹೇಳಿ ಅಂಕಲ್. ನಾನು ಮತ್ತೆ ಕೇಳೂದಿಲ್ಲ. ಹಾಕ್ತೇನೆ."

ಸುಳ್ಳು ಹೇಳುವುದು ನನಗೆ ಉಸಿರಾಡಿದಷ್ಟೇ ಸಲೀಸು. ಬಾಯಿ ತೆರೆದೆ. ಅವಳ ಹೆಬ್ಬೆರಳು ಮೊದಲನೆಯ ಸಾಲಿನ ಮೇಲಿತ್ತು: ಪೀಟರ್, ಔಟಾಗದೆ 34. ಆ ಮೂವತ್ತನಾಲ್ಕು ಅವಳ ಪಾಲಿಗೆ ಅಪ್ಪ. ಅದನ್ನು ಬರೆದದ್ದೂ ಇದೇ ಕೈ. ಕೊನೆಯ ಸಾಲಿಗೆ ಸುಳ್ಳು ಹೇಳಿದ ಕೈ ಮೊದಲನೆಯ ಸಾಲಿನಲ್ಲಿ ನಿಜ ಬರೆದಿತ್ತೆಂದು ಅವಳು ಯಾಕೆ ನಂಬಬೇಕು? ನನ್ನ ಬಾಯಿ ಊರಿನ ಅಂಗಳದಂತೆ, ಯಾರು ಏನು ಬೇಕಾದರೂ ಚೆಲ್ಲಬಹುದು. ಆ ಪುಸ್ತಕ ಹಾಗಲ್ಲ.

"ನಿನ್ನೆ ಬರೆದದ್ದು" ಎಂದೆ. "ಉಳಿದ ಹತ್ತು ಆವತ್ತಿನವು. ಅದರಲ್ಲಿ ಒಂದು ಚುಕ್ಕಿಯೂ ಆಚೀಚೆ ಇಲ್ಲ."

ಅವಳು ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಅಂಕಲ್" ಎಂದು, ಮಕ್ಕಳಿಗೆ ಮಾಡುವಂತೆ ನನ್ನ ತೋಳು ತಟ್ಟಿದಳು. ಆ ಸಾಲಿಗೆ 'ನಂತರ ಸೇರಿಸಿದ್ದು, ನಂಬಲಾಗದು' ಎಂಬ ಷರಾ ನಾನೇ ಟೈಪು ಮಾಡಿ ಕೊಟ್ಟೆ.

ಕೂಟ ಸೀಬ್‌ನ ಒಂದು ಹಾಲಿನಲ್ಲಿ ನಡೆಯಿತು. ಬೋರ್ಡಿನ ಮೇಲೆ ಹತ್ತು ಹೆಸರುಗಳು, ಕೆಳಗೆ ಒಂದು ಖಾಲಿ ಗೆರೆ. ಆ ತಂಡದಲ್ಲಿ ಒಮಾನಿನಲ್ಲಿ ಉಳಿದವನು ನಾನೊಬ್ಬನೇ. ಬಂದವರಿಗೆ ಒಂದೊಂದು ಹೆಸರಿನ ಕಥೆ ಹೇಳುತ್ತ ಬೋರ್ಡಿನ ಪಕ್ಕ ನಿಂತೆ. ಪೀಟರ್ ಒಂದೇ ಹೊಡೆತಕ್ಕೆ ಎರಡು ಚೆಂಡು ಕಳೆದ ಎಂದೆ. ಶೇಖಪ್ಪನ ಐದೂ ವಿಕೆಟು ಅವನಿಗೇ ಕೊಟ್ಟೆ. ಜನ ಹೊಟ್ಟೆ ಹಿಡಿದು ನಕ್ಕರು, ಫೋಟೊ ತೆಗೆಸಿಕೊಂಡರು, ತಟ್ಟೆ ಹಿಡಿದು ಬಿರಿಯಾನಿಯ ಕಡೆ ಹೋದರು. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಬ್ಬರೂ ಕೇಳಲಿಲ್ಲ.