ಊರು ಬಿಡಿಸಿದವರ ಪುಸ್ತಕ

ಲಿಯೋನಾ ಟಿಲ್ಸನ್ ತೀರಿಕೊಂಡದ್ದು ಮಾರ್ಚ್ ತಿಂಗಳಲ್ಲಿ. ಅವಳ ಹೆಸರಿಗೆ ಕಾಗದ ಬಂದದ್ದು ಏಪ್ರಿಲ್‌ನಲ್ಲಿ. ಹಡಗಿನಲ್ಲಿ ಮೊದಲು ಬಂದು ನೆಲೆಸಿದ ಆದಿವಲಸಿಗರ ವಂಶಜರ ಸಂಘದಿಂದ ಬಂದಿದ್ದ ಆ ಲಕೋಟೆಯನ್ನು ತಂಗಿ ಆರ್ಡಿಸ್ ಎರಡು ದಿನ ಒಡೆಯದೆ ಹಾಗೇ ಮೇಜಿನ ಮೇಲಿಟ್ಟಿದ್ದಳು.

ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ನಲವತ್ತು ವರ್ಷ ಒಟ್ಟಿಗೆ ಕಳೆದಿದ್ದರು. ಇಬ್ಬರದೂ ಷೂ ಕಾರ್ಖಾನೆಯ ದುಡಿಮೆ. ಮಾತೆಲ್ಲ ಅಕ್ಕನದು, ತಂಗಿಯದು ಒಂದೊಂದು ಕೊಂಕು. ಚರ್ಚಿನ ಶನಿವಾರದ ಊಟದಲ್ಲಿ ಬೀನ್ಸ್ ಬಡಿಸಿಕೊಳ್ಳುತ್ತ ಲಿಯೋನಾ, "ನಮ್ಮೋರು ಸಾವಿರದ ಆರ್ನೂರ ಮೂವತ್ತೈದರಲ್ಲೇ ಹಡಗಲ್ಲಿ ಬಂದೋರು ಗೊತ್ತಾ" ಎಂದು ಶುರು ಮಾಡಿದರೆ, "ಹಡಗಲ್ಲಿ ಬರ್ದೆ ಈಜ್ಕೊಂಡ್ ಬರ್ತಾರೇನೆ?" ಎಂದು ಆರ್ಡಿಸ್ ತಟ್ಟೆಯಿಂದ ತಲೆಯೆತ್ತದೆ ಕೇಳುತ್ತಿದ್ದಳು. ಪಂಕ್ತಿಯೆಲ್ಲ ನಗುತ್ತಿತ್ತು. ಲಿಯೋನಾಳಿಗೂ ನಗು ಬರುತ್ತಿತ್ತು.

ಈಗ ಕೊಂಕು ಆಡುವುದಕ್ಕೆ ಎದುರಿಗೆ ಯಾರೂ ಇಲ್ಲ. ಮೂರನೆಯ ದಿನ ಆರ್ಡಿಸ್ ಕಾಗದ ಒಡೆದಳು. ಲಿಯೋನಾ ಕಳಿಸಿದ್ದ ವಂಶಾವಳಿಯಲ್ಲಿ ಎಲ್ಲ ತಲೆಮಾರುಗಳೂ ಸರಿಯಾಗಿವೆ, ಒಂದೇ ಕೊಂಡಿ ಸಿಕ್ಕಿಲ್ಲ. ಸಾವಿರದ ಏಳುನೂರ ನಲವತ್ತೊಂದರಲ್ಲಿ ಹುಟ್ಟಿದ ಜೋಸಾಯಾ, ಎಬನೇಜರ್ ಟಿಲ್ಸನ್ನನ ಮಗ ಎಂಬುದಕ್ಕೆ ಪುರಾವೆ ಕಳಿಸಿದರೆ ಹೆಸರು ಸೇರಿಸಿಕೊಳ್ಳುತ್ತೇವೆ ಎಂದಿತ್ತು. ಹಡಗು ಹತ್ತಿ ಬಂದ ಮೊದಲಿಗ ಈ ಎಬನೇಜರನ ಅಜ್ಜ.

ಅಕ್ಕ ಹನ್ನೊಂದು ವರ್ಷ ಮಾಡಿದ ಕೆಲಸ. ಅರ್ಜಿದಾರಳು ಸತ್ತಳೆಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಆರ್ಡಿಸ್‌ಗೆ ಮನಸ್ಸಾಗಲಿಲ್ಲ. ಅದೂ ಅಲ್ಲದೆ ಮಂಗಳವಾರಗಳು ಬಹಳ ಉದ್ದವಾಗಿದ್ದವು. ಮಂಗಳವಾರವೆಂದರೆ ಇಬ್ಬರೂ ಬಟ್ಟೆ ಒಗೆಯುವ ದಿನ. ಒಬ್ಬಳ ಬಟ್ಟೆ ಎಷ್ಟು ಹೊತ್ತಿನ ಕೆಲಸ?

ಟಿಲ್ಸನ್ನರ ಮೂಲ ಊರು ಡನ್‌ಸ್ಟರ್, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ಊರ ಕಚೇರಿಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದವಳು ಮಿಸೆಸ್ ಟಿಬಡೋ, ದಪ್ಪ ಕನ್ನಡಕದ ವಿಧವೆ. ಅವಳ ಅಜ್ಜಿ ಕ್ವೆಬೆಕ್‌ನಿಂದ ಬಟ್ಟೆ ಗಿರಣಿಯ ಕೆಲಸಕ್ಕೆಂದು ಬಂದವಳು.

"ಟಿಲ್ಸನ್ನಾ? ಓಹೋ, ದೊಡ್ಡ ಮನೆತನ!" ಎಂದಳು ಮಿಸೆಸ್ ಟಿಬಡೋ. "ನಿಮ್ಮೋರು ಹಡಗಿಂದ ಇಳಿದ್ರು, ನಮ್ಮೋರು ರೈಲಿಂದ. ಕೈ ತೊಳ್ಕೊಂಡಿದ್ದೀರಾ? ಹಾಗಾದ್ರೆ ಒಳಗ್ ಬನ್ನಿ."

ಕಬ್ಬಿಣದ ಬಾಗಿಲಿನ ಆ ಕೋಣೆಯಲ್ಲಿ ಆರ್ಡಿಸ್ ಐದು ಮಂಗಳವಾರ ಕೂತಳು. ಜನನ ಪುಸ್ತಕದಲ್ಲಿ ಎಬನೇಜರ್‌ಗೆ ಹೆಣ್ಣುಮಕ್ಕಳು ಮಾತ್ರ. ಹಳೆಯ ಕೈಬರಹ ಮೊದಮೊದಲು ಇರುವೆ ಸಾಲಿನಂತೆ ಕಂಡರೂ ಬರಬರುತ್ತ ಕಣ್ಣಿಗೆ ಒಗ್ಗಿತು. ನಲವತ್ತು ವರ್ಷ ಚರ್ಮದ ಮೇಲೆ ಹೊಲಿಗೆ ನೋಡಿದ ಕಣ್ಣದು. ಆರನೆಯ ವಾರ ಮಿಸೆಸ್ ಟಿಬಡೋ ಮೇಲಿನ ಅಟ್ಟಣೆಯಿಂದ ಒಂದು ತೆಳ್ಳಗಿನ ಪುಸ್ತಕ ಇಳಿಸಿದಳು.

"ಇದನ್ನ ಯಾರೂ ಕೇಳಲ್ಲ. ಊರು ಬಿಡಿಸಿದೋರ ಪುಸ್ತಕ. ದಿಕ್ಕಿಲ್ದೋರು ಯಾರಾದ್ರೂ ಬಂದ್ರೆ ಎಲ್ಲಿ ಊರ್ನೋರೇ ಸಾಕ್ಬೇಕಾಗತ್ತೋ ಅಂತ ನೋಟಿಸ್ ಕೊಟ್ಟು ಓಡಿಸ್ತಿದ್ರು. ಎಂಥಾ ಜನ!"

ಮಧ್ಯಾಹ್ನದ ಹೊತ್ತಿಗೆ ಆರ್ಡಿಸ್‌ಗೆ ಅದು ಸಿಕ್ಕಿತು. 'ಸೈಲೆನ್ಸ್ ಎಂಬ ಹೆಂಗಸು. ಮನೆತನದ ಹೆಸರಿಲ್ಲ, ಎಲ್ಲಿಂದ ಬಂದಳೆಂದು ಹೇಳಳು. ಎಬನೇಜರ್ ಟಿಲ್ಸನ್ನನ ಕೊಟ್ಟಿಗೆಯಲ್ಲಿ ಗಂಡುಕೂಸು ಹೆತ್ತಿದ್ದಾಳೆ. ಹದಿನಾಲ್ಕು ದಿನದೊಳಗೆ ಊರು ಬಿಡತಕ್ಕದ್ದು.' ಅದರ ಕೆಳಗೆ ಬೇರೆ ಶಾಯಿಯಲ್ಲಿ: 'ಕೂಸಿಗೆ ಜೋಸಾಯಾ ಎಂದು ಹೆಸರಿಟ್ಟು ಇಪ್ಪತ್ತೊಂದು ವರ್ಷ ತುಂಬುವವರೆಗೆ ಟಿಲ್ಸನ್ನನ ಬಳಿ ಆಳಾಗಿ ಬಿಡಲಾಗಿದೆ. ತಾಯಿಯನ್ನು ಬ್ರೆಟ್‌ಫೀಲ್ಡ್ ಸೀಮೆಗೆ ದಾಟಿಸಲಾಗಿದೆ.'

ಅವಳು ಎರಡು ಸಲ ಓದಿದಳು. ಆಮೇಲೆ ಪುಸ್ತಕವನ್ನು ಮಿಸೆಸ್ ಟಿಬಡೋಳ ಮುಂದೆ ತಿರುಗಿಸಿ ಇಟ್ಟಳು. ಅವಳೂ ಕಣ್ಣು ಕಿರಿದು ಮಾಡಿ ಓದಿದಳು.

"ಸೈಲೆನ್ಸ್ ಅಂತ ಹೆಸರಿಟ್ಟು, ಹುಟ್ಟಿದಾಗ್ಲೇ ಬಾಯಿ ಕಟ್ಟಿದಾರೆ ನೋಡಿ" ಎಂದಳು ಮಿಸೆಸ್ ಟಿಬಡೋ.

"ಹದಿನಾಲ್ಕು ದಿನದ ಬಾಣಂತಿ" ಎಂದಳು ಆರ್ಡಿಸ್.

ಸಂಘದ ಜಿಲ್ಲಾ ಕಾರ್ಯದರ್ಶಿ ಮಿಸೆಸ್ ವಾಡ್ಲಿ ಒಳ್ಳೆಯ ಹೆಂಗಸು. ತನ್ನ ಮನೆಗೆ ಕರೆದು ಚಹಾ ಕೊಟ್ಟಳು, ಲಿಯೋನಾಳನ್ನು ನೆನೆದು ಕಣ್ಣೊರೆಸಿಕೊಂಡಳು. ನಕಲು ಮಾಡಿ ತಂದಿದ್ದ ಆ ನಾಲ್ಕು ಸಾಲುಗಳನ್ನು ಓದಿ ಮಡಚಿ ಆರ್ಡಿಸಳ ಕಡೆಗೇ ಸರಿಸಿದಳು.

"ಇದನ್ನ ನಾನು ನೋಡೇ ಇಲ್ಲ ಅನ್ಕೊಳ್ಳಿ. ನಿಮ್ಮಕ್ಕ ಕಳಿಸಿದ್ದ ಎಬನೇಜರ್ ಉಯಿಲಲ್ಲಿ 'ನನ್ನ ಹುಡುಗ ಜೋಸಾಯಾ' ಅಂತಿದೆಯಲ್ಲ, ಜೊತೆಗೆ ನಿಮ್ಮ ಸಹಿ ಇದ್ರೆ ಸಮಿತಿಗೆ ಅಷ್ಟು ಸಾಕು. ಅವನು ಎಬನೇಜರನ ಸ್ವಂತ ಮಗ ಅಂತ ನೀವಿಲ್ಲಿ ಒಂದು ಸಹಿ ಹಾಕಿ. ನಿಮ್ಮಕ್ಕನ ಹೆಸರು ಪುಸ್ತಕಕ್ಕೆ ಏರತ್ತೆ, ನಿಮ್ದೂ ಏರತ್ತೆ. ತಿಂಗಳಿಗೊಂದು ಸಲ ಊಟಕ್ಕೆ ಸೇರ್ತೀವಿ, ಕಾರು ಕಳಿಸ್ತೀನಿ. ಒಬ್ರೇ ಕೂತು ಏನ್ ಮಾಡ್ತೀರಿ ಹೇಳಿ?"

ಆ ಕೊನೆಯ ಮಾತು ಆರ್ಡಿಸಳ ಎದೆಗೆ ನೇರ ನಾಟಿತು. ಅವಳು ಪೆನ್ನು ಕೈಗೆ ತೆಗೆದುಕೊಂಡದ್ದೂ ನಿಜ. ಲಿಯೋನಾ ಆಗಿದ್ದರೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದಳು. ಹಾಕಿದ ಮೇಲೆ ಒಂದು ವಾರ ನಿದ್ದೆ ಬಾರದೆ ಹೊರಳಾಡುತ್ತಿದ್ದಳು, ಅದೂ ಆರ್ಡಿಸ್‌ಗೆ ಗೊತ್ತು.

"ಆ ಹುಡುಗಿನ ಅವ್ರು ಒಂದ್ಸಲ ಊರಿಂದ ಆಚೆ ಹಾಕಿದ್ರು" ಎಂದಳು. "ಇನ್ನೊಂದ್ಸಲ ನಾನು ಹಾಕಲ್ಲ." ಪೆನ್ನು ಕೆಳಗಿಟ್ಟಳು. ಮಿಸೆಸ್ ವಾಡ್ಲಿ ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಕಾರಿನ ಮಾತು ಬರಲಿಲ್ಲ.

ಮುಂದಿನ ವಾರ ಆರ್ಡಿಸ್ ಡನ್‌ಸ್ಟರ್‌ನಿಂದ ಬ್ರೆಟ್‌ಫೀಲ್ಡ್ ಕಡೆಯ ಬಸ್ಸು ಹತ್ತಿ ಊರಗಡಿಯಲ್ಲೇ ಇಳಿದುಬಿಟ್ಟಳು. ಅಲ್ಲಿ ನಿಲ್ದಾಣವಿಲ್ಲ, ಡ್ರೈವರ್ ಗೊಣಗಿದ. ಅಲ್ಲಿಂದ ಬ್ರೆಟ್‌ಫೀಲ್ಡ್ ಚೌಕಕ್ಕೆ ಮೂರು ಮೈಲಿ. ಸೈಲೆನ್ಸಳನ್ನು ಊರು ದಾಟಿಸಿದ ದಾರಿಯಲ್ಲಿ ಅವಳು ನಡೆಯತೊಡಗಿದಳು. ರಸ್ತೆಯ ಎರಡೂ ಬದಿ ಕಲ್ಲುಬೇಲಿ, ಅದರಾಚೆ ಕಾಡು ಬೆಳೆದ ಹಳೆಯ ಹೊಲಗಳು. ಒಂದು ಮೈಲಿ ಆಗುವಷ್ಟರಲ್ಲಿ ಮಂಡಿ ನೋವು ಶುರುವಾಯಿತು. ಸೈಲೆನ್ಸಳ ಕೂಸು ಹಿಂದೆ ಉಳಿದಿತ್ತು, ಎದೆಯಲ್ಲಿ ಹಾಲಿತ್ತು ಎಂದು ಯೋಚಿಸಿದಳು. ತಾನು ಹೆತ್ತವಳಲ್ಲದಿದ್ದರೂ ಅಷ್ಟು ಆರ್ಡಿಸ್‌ಗೆ ಅರ್ಥವಾಯಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ಅಕ್ಕನ ಮಣ್ಣಿನ ದಿನವೂ ಬಾರದ ಅಳು.

ಬ್ರೆಟ್‌ಫೀಲ್ಡ್ ಕಚೇರಿಯ ಗುಮಾಸ್ತ ಮಾತು ಮುಗಿಯುವ ಮೊದಲೇ ತಲೆಯಾಡಿಸಿದ. "ಇಲ್ಲಮ್ಮ. ಹಳೇ ಕಟ್ಟಡಕ್ಕೆ ಬೆಂಕಿ ಬಿದ್ದು ಸಾವಿರದ ಎಂಟ್ನೂರ ಇಪ್ಪತ್ತಕ್ಕಿಂತ ಹಿಂದಿಂದೆಲ್ಲ ಸುಟ್ಟುಹೋಗಿದೆ. ಒಂದು ಹಾಳೆನೂ ಇಲ್ಲ."

"ಸ್ಮಶಾನದಲ್ಲಿ?"

"ಯಾವ ಹೆಸರು ಹುಡುಕ್ತೀರಿ?"

ಸೈಲೆನ್ಸ್‌ಗೆ ಮನೆತನದ ಹೆಸರೇ ಇರಲಿಲ್ಲ. ಆರ್ಡಿಸ್ ಹೊರಗೆ ಬಂದಳು. ಚೌಕದ ಬೆಂಚಿನ ಮೇಲೆ ಕೂತು ಮೊಟ್ಟೆಯ ಸ್ಯಾಂಡ್‌ವಿಚ್ ಬಿಚ್ಚಿದಳು. ಅಭ್ಯಾಸಬಲದಿಂದ ಎರಡು ಕಟ್ಟಿಕೊಂಡು ಬಂದಿದ್ದಳು. ಸೈಲೆನ್ಸ್ ಇಲ್ಲಿಂದ ಎತ್ತ ಹೋದಳೋ, ಎಷ್ಟು ದಿನ ಬದುಕಿದಳೋ ಯಾರಿಗೂ ತಿಳಿಯುವಂತಿರಲಿಲ್ಲ. ಹುಡುಕಾಟ ಅಲ್ಲಿಗೆ ಮುಗಿಯಿತು. ಆದದ್ದನ್ನೆಲ್ಲ ಹೇಳಬೇಕೆನಿಸಿದ್ದು ಒಬ್ಬಳಿಗೆ ಮಾತ್ರ, ಲಿಯೋನಾಳಿಗೆ. ನಾಲ್ಕು ಗಂಟೆಗೆ ಬಸ್ಸು ಬಂತು.

ಎರಡು ಮಂಗಳವಾರ ಅವಳು ಮನೆಯಲ್ಲೇ ಇದ್ದಳು. ಮೂರನೆಯ ಮಂಗಳವಾರ ಫೋನು ಬಂತು.

"ಏನ್ರೀ, ಬದುಕಿದ್ದೀರೋ ಇಲ್ವೋ?" ಮಿಸೆಸ್ ಟಿಬಡೋಳ ಧ್ವನಿ. "ಸಿಕ್ಕಿದ್ಲಾ ಆ ಹುಡುಗಿ?"

"ಇಲ್ಲ. ಪುಸ್ತಕ ಎಲ್ಲ ಸುಟ್ಟೋಗಿದೆಯಂತೆ."

"ನಮ್ಮಜ್ಜಿ ಊರಿನ ಚರ್ಚೂ ಹಂಗೇ ಹೋಯ್ತು. ಅವಳಪ್ಪ ಯಾರು, ಅಮ್ಮ ಯಾರು, ನಂಗೂ ಗೊತ್ತಿಲ್ಲ. ನೋಡಿ, ಆ ತೆಳ್ಳನೆ ಪುಸ್ತಕದಲ್ಲಿ ಮುನ್ನೂರ ಚಿಲ್ಲರೆ ಜನ ಇದಾರೆ. ಇವತ್ತಿಗೂ ಯಾರೂ ಹೆಸರಿನ ಪಟ್ಟಿ ಮಾಡಿಲ್ಲ. ಆ ಬರಹ ಓದೋಕೆ ನಂಗಂತೂ ಕಣ್ಣಿಲ್ಲ. ನಿಮ್ಗಿದೆ. ಊಟಕ್ಕೆ ಬಟಾಣಿ ಸೂಪು ನಾನು ತರ್ತೀನಿ."

ಆರ್ಡಿಸ್ ಹೋದಳು. ಪಟ್ಟಿ ಮುಗಿಯುವಷ್ಟರಲ್ಲಿ ಚಳಿಗಾಲ ಬಂತು. ತೋಳು ಮುರಿದ ನಾವಿಕ, ಕುರುಡ ಕಮ್ಮಾರ, ಬರೀ 'ಮುದುಕಿ' ಎಂದು ಬರೆಸಿಕೊಂಡವಳು, ಎಲ್ಲರಿಗೂ ಒಂದೊಂದು ಚೀಟಿ. ಸೂಪು ಕುಡಿಯುವಾಗ ಹರಟೆಯೂ ಇತ್ತು. ಆದರೆ ಸಂಜೆ ಮೆಟ್ಟಿಲು ಹತ್ತಿ ಕೋಣೆಯ ದೀಪ ಹಾಕುವಾಗಿನ ಆ ಹೊತ್ತು ಮಾತ್ರ ಮೊದಲಿನ ಹಾಗೇ ಇತ್ತು.

ಜನವರಿಯಲ್ಲಿ ಓಹಾಯೋದಿಂದ ಒಂದು ಕಾಗದ ಕಚೇರಿಗೆ ಬಂತು. ಯಾರೋ ನಿವೃತ್ತ ರೈಲ್ವೆ ನೌಕರ, ತನ್ನ ಮನೆತನದ ಮೂಲದ ಆ ಕುರುಡ ಕಮ್ಮಾರನನ್ನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದ. ಮಿಸೆಸ್ ಟಿಬಡೋ ಅದನ್ನು ಆರ್ಡಿಸಳ ಮುಂದೆ ಹಾಕಿದಳು. ಆರ್ಡಿಸ್ ಚೀಟಿ ತೆಗೆದು ನೋಡಿ, ಪುಸ್ತಕ ಬಿಚ್ಚಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಉತ್ತರ ಬರೆದಳು: 'ನಿಮ್ಮವರು ಇಲ್ಲಿ ಹನ್ನೊಂದು ದಿನ ಇದ್ದರು. ಮಗಳು ಕೈಹಿಡಿದು ನಡೆಸುತ್ತಿದ್ದಳು ಎಂದು ಬರೆದಿದೆ.'

ಕೆಳಗೆ ಆರ್ಡಿಸ್ ಟಿಲ್ಸನ್ ಎಂದೇ ಸಹಿ ಹಾಕಿದಳು. ಜೋಸಾಯಾನಿಗೆ ಅದು ಅಪ್ಪನಿಂದ ಬಂತೋ ಒಡೆಯನಿಂದ ಬಂತೋ ತಿಳಿಯದು, ಆದರೂ ಅವಳಿಗಿದ್ದ ಹೆಸರು ಅದೊಂದೇ.