ಮೂರು ತಪ್ಪಲೆ ಐಸ್‌ಕ್ರೀಮು

"ಈ ಸಲ ಮುದ್ದೆ ಮಿಷನ್ನಲ್ಲಿ ಕಣಕ್ಕ. ನೀನು ಆರಾಮಾಗಿ ಕುಂತ್ಕೊಂಡು ಉಣ್ಣು," ಎಂದ ಚಿಕ್ಕಣ್ಣ. ಅಕ್ಕನ ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಅಂಗಳದಲ್ಲಿ ಬಿದ್ದಿದ್ದ ಶಾಮಿಯಾನದ ಹಗ್ಗವನ್ನು ನೋಡಿಕೊಂಡು ಹೇಳಿದ.

ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಇಂದ್ರಮ್ಮನ ಕೈ ನಿಂತಿತು. ಕೊತ್ತತ್ತಿಯಲ್ಲಿ ಯಾರ ಮನೆಯ ಬೀಗರೂಟವಾದರೂ ನಲವತ್ತು ವರ್ಷದಿಂದ ಮುದ್ದೆ ತಿರುವಿದವಳು ಅವಳೇ. ಮುನ್ನೂರು ಜನಕ್ಕೆ ಕಟ್ಟಿದರೂ ಒಂದರಲ್ಲೂ ಗಂಟಿರುತ್ತಿರಲಿಲ್ಲ, ಒಂದಕ್ಕಿಂತ ಒಂದು ದೊಡ್ಡದಾಗುತ್ತಿರಲಿಲ್ಲ. ಗಂಡ ತೀರಿಕೊಂಡು ತವರಿನ ಬೀದಿಗೆ ಬಂದು ನೆಲೆಸಿದ ಮೇಲೆ ಊರು ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದೇ ಆ ಕೈಗಾಗಿ. ಹೀಗಿರುವಾಗ ಸ್ವಂತ ತಮ್ಮ, ಅದೂ ತಾನು ಎತ್ತಿ ಆಡಿಸಿದ ಅವನ ಕಿರಿಮಗಳು ಅಮೃತಳ ಮದುವೆಯ ಬೀಗರೂಟಕ್ಕೆ, ಕುಂತ್ಕೊಂಡು ಉಣ್ಣು ಎನ್ನುತ್ತಿದ್ದಾನೆ. ಇಂದ್ರಮ್ಮ ನೋವಾದಾಗ ಅಳುವ ಪೈಕಿಯಲ್ಲ, ಜಗಳ ಆಡುವ ಪೈಕಿ.

"ಬೀಗರಿಗೆ ಸ್ವಿಚ್ ಒತ್ತಿದ್ ಮುದ್ದೆ ಇಕ್ತೀಯೇನ್ಲಾ?"

"ಅಡುಗೆ ಕಂಟ್ರಾಕ್ಟ್ರೇ ತತ್ತಾನೆ ಕಣಕ್ಕ. ಗಂಟೆಗೆ ಇನ್ನೂರು ಮುದ್ದೆ. ನಿಂಗೂ ಅರವತ್ನಾಲ್ಕಾಯ್ತು, ಸೊಂಟ ಬೇರೆ..."

"ನನ್ ಸೊಂಟ ಬಂದು ನಿನ್ತಾವ ದೂರು ಕೊಡ್ತಾ?"

ಚಿಕ್ಕಣ್ಣನ ಹಿರಿಮಗಳು ದೀಪಿಕ ಮಂಡ್ಯದ ಶಾಲೆಯೊಂದರಲ್ಲಿ ಟೀಚರು. ಊಟದ ಪಟ್ಟಿ ಬರೆಯುತ್ತ ಕೂತಿದ್ದವಳು ಮಾತು ತಿರುಗಿಸಲು ಜೋರಾಗಿ ಓದಿದಳು. "ಮಟನ್ ಸಾರು, ಚಾಪ್ಸು, ಅನ್ನ, ತಿಳಿಸಾರು. ಕೊನೇಲಿ ಐಸ್‌ಕ್ರೀಮು. ಅದಿನ್ನೂ ಯಾರ್ಗೂ ಹೇಳಿಲ್ಲ ಅಪ್ಪ."

"ಯಾರ್ಗೂ ಏಳ್ಬ್ಯಾಡ. ನಾನ್ ಮಾಡ್ತೀನಿ," ಎಂದಳು ಇಂದ್ರಮ್ಮ.

ಚಿಕ್ಕಣ್ಣ ನಕ್ಕುಬಿಟ್ಟ. ನಗಬಾರದಿತ್ತು.

"ಯಾಕ್ಲಾ ಕಿಸೀತೀಯ? ಆಲು, ಸಕ್ರೆ ತಾನೇ? ಆಲು ಕಾಯ್ಸಕ್ ಬರಾಕಿಲ್ವಾ ನಂಗೆ? ಕೇಳುಸ್ಕೊ. ನಾನ್ ಮಾಡಿದ್ನ ಬೀಗರು ಎಲೇಲಿ ಬುಟ್ಟು ಎದ್ರೆ, ಇನ್ಮುಂದೆ ನಿಮ್ಮನೆ ಯಾವ್ ಊಟಕ್ಕೂ ನಾನ್ ಕಾಲಿಕ್ಕಾಕಿಲ್ಲ."

ಇಂದ್ರಮ್ಮ ಅಲ್ಲಿಯವರೆಗೆ ಐಸ್‌ಕ್ರೀಮು ತಿಂದದ್ದು ಎರಡೇ ಸಲ. ಅದರಲ್ಲೂ ಒಂದು ಸಲ ಹಲ್ಲು ಕೀಳಿಸಿದ ಮೇಲೆ ಡಾಕ್ಟರು ತಿನ್ನು ಎಂದದ್ದಕ್ಕೆ. ಆದರೂ ಆಡಿದ ಮಾತು ಆಡಿಯಾಗಿತ್ತು.

ಊಟ ಭಾನುವಾರ. ಗುರುವಾರ ಚಿಕ್ಕಣ್ಣನ ಮನೆಯ ಹಾಲು ಡೈರಿಗೆ ಹೋಗಲಿಲ್ಲ, ಅಕ್ಕಪಕ್ಕದ ನಾಲ್ಕು ಮನೆಯದೂ ಹೋಗಲಿಲ್ಲ. ಹಿತ್ತಲಿನಲ್ಲಿ ಮೂರು ಒಲೆ ಹೂಡಿ, ಮುದ್ದೆ ತಿರುವುವ ಮೂರು ದೊಡ್ಡ ತಪ್ಪಲೆಗಳಲ್ಲೇ ಹಾಲು ಕಾಯಿಸಿದರು. ದೀಪಿಕ ಫೋನು ನೋಡಿ ಹೇಳುವುದು, ಇಂದ್ರಮ್ಮ ಮಾಡುವುದು ಎಂದು ಒಪ್ಪಂದವಾಗಿತ್ತು. ಒಪ್ಪಂದ ಮುರಿದದ್ದು ಕಾರ್ನ್‌ಫ್ಲೋರಿನ ಹತ್ತಿರ.

"ಲೀಟ್ರಿಗೆ ಎರಡು ಚಮಚ ಅಷ್ಟೇ ಅತ್ತೆ."

ಇಂದ್ರಮ್ಮ ಸೌಟು ಎತ್ತಿ ನೋಡಿದಳು. ಹಾಲು ಸುರಿಯಿತು. ಸುರಿಯುವ ಪದಾರ್ಥದ ಮೇಲೆ ಅವಳಿಗೆ ಯಾವತ್ತೂ ನಂಬಿಕೆಯಿಲ್ಲ. "ಇದು ಎಲೆ ಮೇಲೆ ನಿಲ್ತದಾ? ಬೀಗರ ಪಂಚೆ ಮ್ಯಾಲೆ ಅರೀತದೆ ಅಷ್ಟೆ," ಎಂದು ಹಿಡಿಹಿಡಿಯಾಗಿ ಹಿಟ್ಟು ಸುರಿದು ತಿರುವಿದಳು. ಸಕ್ಕರೆ, ಏಲಕ್ಕಿ, ಒಂದು ಬುಟ್ಟಿ ರಸಪುರಿ ಮಾವಿನಹಣ್ಣಿನ ರಸ ಎಲ್ಲ ಬಿದ್ದಿತು. ಸೌಟು ನೆಟ್ಟಗೆ ನಿಲ್ಲುವಂತಾದ ಮೇಲೆಯೇ ಒಲೆ ಆರಿಸಿದಳು. ಸೌಟಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು ನೆಕ್ಕಿದ ದೀಪಿಕ ಮತ್ತೆ ಫೋನು ನೋಡಲಿಲ್ಲ. ಅಷ್ಟು ರುಚಿಯಾಗಿತ್ತು.

ಮದ್ದೂರಿನಲ್ಲಿ ಫ್ರಿಜ್ ರಿಪೇರಿ ಮಾಡುವ ವಾಜಿದ್ ಅಷ್ಟು ಹೊತ್ತಿಗೆ ಲಗೇಜ್ ಆಟೋದಲ್ಲಿ ತನ್ನ ಡೀಪ್ ಫ್ರೀಜರ್ ತಂದು ಇಳಿಸಿದ. ಯಾರೋ ಗುಜರಿಗೆ ಹಾಕಿದ್ದನ್ನು ತಾನೇ ಬಿಚ್ಚಿ, ಹೊಸ ಕಂಪ್ರೆಸರ್ ಕೂರಿಸಿದ್ದು. ಅದರ ಮೇಲೆ ಅವನಿಗೆ ಬಹಳ ಹೆಮ್ಮೆ.

"ಅಮ್ಮಾ, ಇದ್ರೊಳ್ಗೆ ಇಟ್ಟಿದ್ದು ಒಂದು ಹನಿ ನೀರಾದ್ರೆ ನಾನು ಈ ಕೆಲ್ಸಾನೇ ಬಿಟ್ಬಿಡ್ತೀನಿ."

"ಸಣ್ಣ ಸಣ್ಣ ಡಬ್ಬಿಗೆ ಹಾಕ್ಬೇಕಂತೆ ಅತ್ತೆ," ಎಂದಳು ದೀಪಿಕ. "ಅರ್ಧ ಗಟ್ಟಿಯಾದ್ಮೇಲೆ ಎರಡ್ ಸಲ ತಿರುವ್ಬೇಕಂತೆ."

"ಡಬ್ಬಿಗೆ ಆಕಾದು ಉಪ್ಪಿನ್ಕಾಯಿನ. ತಪ್ಪಲೇಲೇ ಇರ್ಲಿ. ತಿರುವಾದು ಬೇಕಾದ್ರೆ ತಿರುವ್ತೀನಿ."

ತಿರುವುವ ಮಾತು ಕೇಳಿ ವಾಜಿದ್ ಗಾಬರಿಯಾದ. "ಮುಚ್ಚಳ ತೆಗೆದ್ರೆ ಕೂಲಿಂಗ್ ಎಲ್ಲಾ ಹೋಗ್ತದೆ. ಭಾನುವಾರದ ಗಂಟ ಯಾರೂ ಮುಟ್ಬೇಡಿ," ಎಂದು ಮುಚ್ಚಳದ ಸುತ್ತ ಗಮ್ ಟೇಪು ಸುತ್ತಿ, ಗುಂಡಿಯನ್ನು ಕೊನೆಯ ತನಕ ತಿರುಗಿಸಿ ಹೋದ. ಆ ಮೂರು ದಿನ ಇಂದ್ರಮ್ಮ ಹೊತ್ತಿಗೊಮ್ಮೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿಹೋಗುತ್ತಿದ್ದಳು.

ಭಾನುವಾರ ಮಧ್ಯಾಹ್ನ ನಿಡಘಟ್ಟದ ಬೀಗರು ಎರಡು ಬಸ್ಸು ತುಂಬ ಬಂದಿಳಿದರು. ಮೊದಲ ಪಂಕ್ತಿಯಲ್ಲಿ ನೂರು ಜನ ಕೂತರು. ಸಾಲಿನ ತುದಿಯಲ್ಲಿ ಅಳಿಯನ ಅಜ್ಜಿ ಹೊಂಬಾಳಮ್ಮ, ಎಲ್ಲರಿಗಿಂತ ಹಿರಿಯರು. ಅವರು ಎಲೆಗೆ ಕೈಯಿಟ್ಟ ಮೇಲೆ ಉಳಿದವರು ಇಡಬೇಕು, ಅವರು ಎಲೆ ಮಡಚಿದರೆ ಉಳಿದವರೂ ಮಡಚಿ ಏಳಬೇಕು.

ಇಂದ್ರಮ್ಮ ಯಾರಿಗೂ ಕಾಣದ ಹಾಗೆ ಶಾಮಿಯಾನದ ಹಿಂದೆ ಹೋಗಿ ಮಿಷನ್ನು ನೋಡಿದಳು. ಅದು ಗುರುಗುಟ್ಟುತ್ತ ಮುದ್ದೆ ಮೇಲೆ ಮುದ್ದೆ ಉರುಳಿಸುತ್ತಿತ್ತು. ಒಂದನ್ನು ಎತ್ತಿ ಹಿಸುಕಿ ಗಂಟು ಹುಡುಕಿದಳು. ಸಿಗಲಿಲ್ಲ. ಇನ್ನೊಂದರಲ್ಲಿ ಹುಡುಕಿದಳು. ಅದರಲ್ಲೂ ಇರಲಿಲ್ಲ. ಹಾಳಾದ್ದು ಚೆನ್ನಾಗೇ ಮಾಡಿತ್ತು.

ಬೀಗರು ತಿಳಿಸಾರಿಗೆ ಬಂದಾಗ ವಾಜಿದ್ ಟೇಪು ಕಿತ್ತು ಮುಚ್ಚಳ ಎತ್ತಿದ. ತಣ್ಣನೆ ಹೊಗೆ ಎದ್ದಿತು. ಚಿಕ್ಕಣ್ಣ ಖುಷಿಯಿಂದ ಸೌಟು ಹಾಕಿದ. ಸೌಟು ಬಗ್ಗಿತು. ಇನ್ನೊಂದು ತಂದರು, ಅದೂ ಬಗ್ಗಿತು. ಮೂರನೆಯದರ ಹಿಡಿಯೇ ಕೈಗೆ ಬಂತು. ಎಳನೀರು ಕೊಚ್ಚುವ ಮಚ್ಚು ತಂದು ಹೊಡೆದರೆ ಟಣ್ ಎಂದು ಎಗರಿ ವಾಪಸು ಬಂತು.

"ಏನಕ್ಕ ಇದು, ಐಸ್‌ಕ್ರೀಮ್ ಮಾಡು ಅಂದ್ರೆ ಚಪ್ಪಡಿ ಕಲ್ಲು ಮಾಡಿದ್ದೀಯಲ್ಲ!"

"ಒಂದ್ ಹನೀನೂ ಕರಗಿಲ್ಲ ನೋಡಿ," ಎಂದ ವಾಜಿದ್. ಹೆಮ್ಮೆಪಡಬೇಕೋ ತಲೆ ತಪ್ಪಿಸಿಕೊಳ್ಳಬೇಕೋ ಅವನಿಗೇ ಗೊತ್ತಾಗಲಿಲ್ಲ.

ದೀಪಿಕ ಓಡಿಬಂದಳು. "ಅಪ್ಪ, ಅಜ್ಜಿ ಎಲೆ ಮಡಚಕ್ಕೆ ಕೈ ಹಾಕ್ತಾವ್ರೆ!"

ಚಿಕ್ಕಣ್ಣ ಚಾಪ್ಸಿನ ಬೇಸಿನ್ ಕಿತ್ತುಕೊಂಡು ಪಂಕ್ತಿಗೆ ಓಡಿದ. "ಅಜ್ಜಿ, ಇನ್ನೊಂದ್ ಪೀಸು! ನನ್ನಾಣೆ!" ಎಂದು ಕೂಗಿದ್ದು ಹಿತ್ತಲಿಗೂ ಕೇಳಿಸಿತು. ಹೊಂಬಾಳಮ್ಮನ ಎಲೆಗೆ ಮೂರು ಪೀಸು ಸುರಿದು ಏದುಸಿರು ಬಿಡುತ್ತ ವಾಪಸು ಬಂದ. "ಅದ್ನ ಮೊಮ್ಮಗನ ಎಲೆಗೆ ದಾಟಿಸ್ತಾವ್ರೆ. ಬಾಳೆಅಣ್ಣು ಕೊಟ್ಟು ಕಳ್ಸಣ. ಬುಟ್ಬುಡು ಅಕ್ಕ."

ಬೈದಿದ್ದರೆ ಇಂದ್ರಮ್ಮ ತಿರುಗಿ ಬೈಯುತ್ತಿದ್ದಳು. ಬುಟ್ಬುಡು ಎಂದು ಮೆತ್ತಗೆ ಹೇಳಿದ್ದನ್ನು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಮಿಷನ್ನಿನ ಪಕ್ಕದ ಹಂಡೆಯಲ್ಲಿ ಎಸರು ನೀರು ಕುದಿಯುತ್ತಿತ್ತು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆ ಬಿಸ್ನೀರು ಟಬ್ಬಿಗೆ ಉಯ್ಯಿ. ತಪ್ಪಲೇನ ಅದ್ರೊಳಕ್ ಇಳ್ಸಿ. ವಾಜಿದ್ದೂ, ನೀನೇ ತಾನೆ ಕಲ್ ಮಾಡ್ದೋನು, ಬಾ, ಕಂಠ ಇಡ್ಕೊ."

ಮುದ್ದೆ ಕೋಲನ್ನು ತರಲು ಯಾರೂ ಓಡಬೇಕಾಗಲಿಲ್ಲ. ಅವಳು ಬೆಳಗ್ಗೆಯೇ ತಂದು ಫ್ರೀಜರಿನ ಹಿಂದೆ ಒರಗಿಸಿಟ್ಟಿದ್ದಳು. ಯಾಕೆ ತಂದೆ ಎಂದು ಈಗ ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಬಿಸಿಗೆ ಗಡ್ಡೆಯ ಅಂಚು ಬಿಟ್ಟುಕೊಂಡಿತು. ಇಂದ್ರಮ್ಮ ಕೋಲನ್ನು ಅಂಚಿಗೆ ತುರುಕಿ ಮೈಭಾರ ಬಿಟ್ಟಳು. ಗಡ್ಡೆ ಬಿರಿಯಿತು. ಕುಟ್ಟಿದಳು, ಮಗುಚಿದಳು, ಮತ್ತೆ ಕುಟ್ಟಿ ತಿರುವಿದಳು. ಐದು ನಿಮಿಷಕ್ಕೆ ವಾಜಿದನ ತೋಳು ನಡುಗತೊಡಗಿತು. ಅವಳ ಸೊಂಟ ಅವತ್ತೂ ದೂರು ಕೊಡಲಿಲ್ಲ. ಹಳದಿ ಕಲ್ಲು ಮೊದಲು ನುಚ್ಚಾಯಿತು, ಆಮೇಲೆ ಒಂದಕ್ಕೊಂದು ಅಂಟಿಕೊಂಡು ಕೋಲಿನ ಸುತ್ತ ಸುತ್ತತೊಡಗಿತು. ಅವಳಿಗೆ ಗುರುತಿದ್ದ ಹದ ಅದು.

ನಲವತ್ತು ವರ್ಷ ಕೈ ಸುಡದಿರಲೆಂದು ತಣ್ಣೀರಿನಲ್ಲಿ ಅದ್ದಿ ಮುದ್ದೆ ಕಟ್ಟಿದವಳು, ಅವತ್ತು ಕೈ ಮರಗಟ್ಟದಿರಲೆಂದು ಬಿಸಿನೀರಿನಲ್ಲಿ ಅದ್ದಿ ಕಟ್ಟಿದಳು. ಒಂದೇ ಅಳತೆ, ಒಂದೇ ದುಂಡಗೆ. ಮೊದಲನೆಯದನ್ನು ದೀಪಿಕ ತಟ್ಟೆಯಲ್ಲಿಟ್ಟುಕೊಂಡು ಓಡಿದಳು.

ಹೊಂಬಾಳಮ್ಮನ ಎಲೆಯ ಅಂಚು ಅಷ್ಟು ಹೊತ್ತಿಗೆ ಎದ್ದಿತ್ತು. ಅದರ ನಡುವೆ ಹಳದಿ ಉಂಡೆ ಬಂದು ಕೂತಿತು.

"ಇನ್ನೂ ಮುದ್ದೆ ಇಕ್ತಿದ್ದೀರಾ? ಒಟ್ಟೇಲಿ ಜಾಗ ಇಲ್ಲ ಕಣ್ರವ್ವಾ."

"ಒಂದ್ ತುತ್ತು ತಿನ್ನಿ ಅಜ್ಜಿ."

ಎಂಬತ್ತೈದು ವರ್ಷ ಮುದ್ದೆ ಉಂಡ ಕೈ ಸುಮ್ಮನಿರುತ್ತದೆಯೇ? ಅಜ್ಜಿ ಹೆಬ್ಬೆರಳು ಒತ್ತಿ ಒಂದು ತುತ್ತು ಮುರಿದು, ಉರುಟು ಮಾಡಿ, ಅಗಿಯದೆ ನುಂಗಿದರು. ಕಣ್ಣು ಮುಚ್ಚಿತು. ಹೆಗಲು ಕಿವಿಯ ತನಕ ಏರಿತು. ಎಡಗೈ ನೆತ್ತಿಗೆ ಹೋಯಿತು. ನೂರು ಜನ ಉಸಿರು ಹಿಡಿದು ನೋಡುತ್ತಿದ್ದರು. ಮಗಳ ಮದುವೆಯಾಗಿ ಎಂಟೇ ದಿನಕ್ಕೆ ಬೀಗರ ಅಜ್ಜಿಯನ್ನು ಮೇಲಕ್ಕೆ ಕಳಿಸಿಕೊಟ್ಟೆವೆಂಬ ಭಯ ಚಿಕ್ಕಣ್ಣನಿಗೆ ಹತ್ತಿತು.

ಅಜ್ಜಿ ಒಂದು ಕಣ್ಣು ಬಿಟ್ಟರು. "ಅಪ್ಪಾ ನನ್ ದೇವ್ರೇ, ನೆತ್ತಿ ಗಂಟ ಓಗ್ಬಂತು ಕಣ್ಲಾ!" ಇನ್ನೊಂದು ಕಣ್ಣನ್ನೂ ಬಿಟ್ಟು ಎಲೆ ನೋಡಿದರು. "ಯಾರಪ್ಪ ಇದ ಕಟ್ಟಿದ್ದು?"

"ನಮ್ಮಕ್ಕ," ಎಂದ ಚಿಕ್ಕಣ್ಣ.

"ಇದ್ ಮುಗೀಲಿ, ಇನ್ನರ್ಧ ಇಕ್ಸು."

ಆಮೇಲೆ ನಡೆದದ್ದನ್ನು ನಿಡಘಟ್ಟದವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಸಾಲಿಗೆ ಸಾಲೇ ತುತ್ತು ಮುರಿದು ನುಂಗುವುದು, ಸಾಲಿಗೆ ಸಾಲೇ ತಲೆ ಹಿಡಿದುಕೊಳ್ಳುವುದು, ಮತ್ತೆ ಎಲೆಗೆ ಕೈ ಹಾಕುವುದು. ಚಮಚ ಹಂಚಲು ಬಂದವರನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮೂರು ಪಂಕ್ತಿಗೆ ಮೂರು ತಪ್ಪಲೆ ಖಾಲಿಯಾಯಿತು. ಕೊನೆಯ ತಪ್ಪಲೆಯ ತಳ ಬಳಿದು ತಿಂದವನು ವಾಜಿದ್.

ನಾಲ್ಕು ಗಂಟೆಯ ಹೊತ್ತಿಗೆ ಬೀಗರ ಬಸ್ಸು ಹೊರಟು, ಮನೆಯವರ ಪಂಕ್ತಿ ಕೂತಿತು. ಚಿಕ್ಕಣ್ಣ ಅಕ್ಕನ ತೋಳು ಹಿಡಿದು ಕೂರಿಸಿ ತಾನೇ ಎಲೆ ಹಾಕಿದ. ಎಲೆಗೆ ನೀರು ಚಿಮುಕಿಸಲು ಹೋದರೆ ಇಂದ್ರಮ್ಮನಿಗೆ ಬೆರಳು ಬಿಡಿಸಲಾಗಲಿಲ್ಲ. ಅಂಗೈಗಳೆರಡೂ ಥಂಡಿಗೆ ಬಿಳಿಚಿಕೊಂಡು ಸೆಟೆದುಹೋಗಿದ್ದವು. ದೀಪಿಕ ನೋಡಿ, "ಅಯ್ಯೋ ಅತ್ತೆ," ಎಂದು ನೀರು ಚಿಮುಕಿಸಿದಳು.

ಚಿಕ್ಕಣ್ಣ ಹಬೆಯಾಡುವ ಮುದ್ದೆಯೊಂದನ್ನು ತಂದು ಎಲೆಯ ಮೇಲೆ ಹಿಡಿದು ಅನುಮಾನಿಸಿದ. "ಮಿಷನ್ದೇ ಕಣಕ್ಕ ಉಳಿದಿರಾದು. ಆಯ್ತದಾ?"

"ಇಕ್ಕು."

ಅವನು ಇಟ್ಟು, ಪಕ್ಕದಲ್ಲಿ ಸಾರು ಬಡಿಸಿದ. ಇಂದ್ರಮ್ಮ ಮುದ್ದೆಯನ್ನು ಎರಡೂ ಅಂಗೈಗಳ ನಡುವೆ ಎತ್ತಿಕೊಂಡಳು. ಬಿಸಿ ಮೊದಲು ಗೊತ್ತಾಗಲಿಲ್ಲ, ಆಮೇಲೆ ನಿಧಾನವಾಗಿ ಬೆರಳ ಸಂದಿಗೆಲ್ಲ ಇಳಿಯಿತು.

"ಉಣ್ಣಕ್ಕ, ಸಾರು ಆರೋಯ್ತದೆ."

"ಇರ್ಲಾ ಸ್ವಲ್ಪ," ಎಂದಳು ಅವಳು. ಮುರಿಯದೆ, ಕಣ್ಣು ಮುಚ್ಚಿ, ಹಾಗೇ ಹಿಡಿದುಕೊಂಡು ಕೂತಳು.