ಥರ್ಮೋಕೋಲಿನ ಬೀಗದ ಕೈ

ಹಕ್ಕು ಕೊಡಲು ಜೀಪಿನಲ್ಲಿ ಬಂದ ಅರಣ್ಯ ಇಲಾಖೆಯ ಸಾಹೇಬರು ಮೊದಲು ಕೇಳಿದ್ದು ನೆರಳನ್ನು. ಕೂಡ್ಲಿಗಿ ಕಡೆಯ ಆ ಮ್ಯಾಸನಾಯಕರ ಹಟ್ಟಿಯಲ್ಲಿ ನೆರಳೆಂದರೆ ಕಟ್ಟೆಮನೆಯ ಮುಂದಿನ ಬೇವಿನ ಮರವೊಂದೇ. ಹಿರಿಯರು ಕೂತು ನ್ಯಾಯ ಹೇಳುವ ಕಲ್ಲಿನ ಮೇಲೆ ಸಾಹೇಬರು ಬೂಟುಗಾಲಿಟ್ಟು ಲೇಸು ಬಿಗಿದುಕೊಂಡರು.

ಅಂಜಿನಿಗೆ ಅಲ್ಲೇ ಮೈ ಉರಿಯಿತು. ಅವನು ಕಿಲಾರಿ. ಹಟ್ಟಿಯ ದೇವರೆತ್ತುಗಳನ್ನು ಕಾಯುವುದು ಅವನ ಮನೆತನದ ಕೆಲಸ. ನೇಗಿಲಿಗೆ ಹೂಡದ, ಸಂತೆಗೆ ಹೊಡೆಯದ ದನಗಳವು. ಮುತ್ತಜ್ಜನ ಕಾಲದಿಂದ ಅವು ಮೇಯುತ್ತಿದ್ದ ಕಾವಲಿಗೆ ಇಲಾಖೆ ಬೇಲಿ ಹಾಕಿ, ಕಬ್ಬಿಣದ ಗೇಟಿಗೆ ಬೀಗ ಜಡಿದಿತ್ತು. ಒಳಗೆ ಹುಲ್ಲು ಸೊಂಟದೆತ್ತರ ಬೆಳೆದು ತಾನೇ ಒಣಗುತ್ತಿತ್ತು, ಹೊರಗೆ ಎತ್ತುಗಳ ಪಕ್ಕೆಲುಬು ಎಣಿಸಬಹುದಿತ್ತು. ಮುದಿ ಎತ್ತೊಂದು ಆಗಲೇ ಸತ್ತಿತ್ತು. ಇವತ್ತು ಬೀಗದ ಕೈ ಕೊಡ್ತಾರಂತೆ, ಬಾಯಿ ಮುಚ್ಚಿಕೊಂಡಿರು ಎಂದು ಕಟ್ಟೆಮನೆಯ ಯಜಮಾನ ಬಂಗಾರಪ್ಪ ಅವನನ್ನು ಕೂರಿಸಿದ್ದ.

‘ಸ್ವಯಮಾಡಳಿತ: ಒಂದು ದಿನದ ತರಬೇತಿ’ ಎಂಬ ಬ್ಯಾನರು ಏರಿತು. ತಲೆತಲಾಂತರದಿಂದ ತಮ್ಮ ನ್ಯಾಯ ತಾವೇ ಮಾಡಿಕೊಂಡವರಿಗೆ ಊಟದ ಹೊತ್ತಿನೊಳಗೆ ಅದನ್ನು ಕಲಿಸಿ ಮುಗಿಸಬೇಕಿತ್ತು.

ಸಾಹೇಬರು ಕೆನಡಾ ನೋಡಿ ಬಂದವರು. “ಅಲ್ಲಿ ಮಿಕ್ಮಾಕ್ ಅಂತ ಜನ. ಇಂಗ್ಲೆಂಡ್ ರಾಜನ ಜೊತೆ ಅವರದು ಹಳೇ ಒಪ್ಪಂದ. ಮೀನು ಹಿಡಿದು ಬದುಕೋದು ಅವರ ಹಕ್ಕು ಅಂತ ದೊಡ್ಡ ಕೋರ್ಟೇ ಹೇಳಿತು!”

ಮುಂದೆ ಕೂತಿದ್ದ ಅಂಜಿನಿಯ ಅಜ್ಜಿ ಬೊಮ್ಮಮ್ಮ ಕೇಳಿದಳು: “ಗೆದ್ದ ಮ್ಯಾಲೆ ಹಿಡಿದ್ರೇನ್ರಿ ಮೀನ?”

“ಹಿಡಿದ್ರು. ಆಮೇಲೆ ಇಲಾಖೆಯೋರು ಬುಟ್ಟಿ ಎತ್ಕೊಂಡು ಹೋದ್ರು. ಅಂದ್ರೆ... ಮಾತುಕತೆ ನಡೀತಿದೆ.”

“ಅಲ್ಲೂ ನಿಮ್ಮ ಮಂದೀನ ಅದಾರ ಅನ್ರಿ!”

ಹಟ್ಟಿಯೇ ನಕ್ಕಿತು. ಸಾಹೇಬರು ಬೇಗ ಬೇಗ ಕಾರ್ಯಕ್ರಮದ ಮುಖ್ಯ ಭಾಗಕ್ಕೆ ಬಂದರು. ಜೀಪಿನಿಂದ ಆಳೆತ್ತರದ ಬೀಗದ ಕೈ ಇಳಿಯಿತು. ಥರ್ಮೋಕೋಲಿನದು, ಮೇಲೆ ಬಂಗಾರದ ಬಣ್ಣದ ಕಾಗದ. ಬಂಗಾರಪ್ಪ ಒಂದು ತುದಿ, ಸಾಹೇಬರು ಒಂದು ತುದಿ ಹಿಡಿದರು. ಫೋಟೋ ಆಯಿತು.

ಅಂಜಿನಿ ಎದ್ದ. “ಇದು ಯಾ ಬೀಗಕ್ಕ ಹತ್ತತೈತ್ರಿ?”

“ಇದು ಸಾಂಕೇತಿಕ, ತಮ್ಮಾ.”

“ಬೀಗನೂ ಸಾಂಕೇತಿಕ ಐತೇನ್ರಿ? ನಮ್ಮೆತ್ತು ಖರೇನ ಸತ್ತೈತಿ.”

“ಅಸಲಿ ಕೈ ಗಾರ್ಡ್ ಹತ್ರ ಇದೆ. ಮೊದಲು ನೀವೊಂದು ಸಮಿತಿ ಮಾಡಿ. ನಮ್ಮೋರೊಬ್ಬರು ಅಧ್ಯಕ್ಷರಾಗ್ತಾರೆ, ಆಮೇಲೆ...”

“ಆಡಳಿತ ನಮ್ಮದು, ಅಧ್ಯಕ್ಷ ನಿಮ್ಮವ! ಭಾಳ ಚಲೋ ಆತು ಬಿಡ್ರಿ.”

ಅಷ್ಟರಲ್ಲಿ ಊಟದ ಡಬ್ಬಿಗಳು ತೆರೆದವು. ವಾಸನೆ ಹರಡುತ್ತಲೇ ಮಂದಿ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಚಿಕನ್ ಬಿರಿಯಾನಿ! ಕೋಳಿ ತಿನ್ನುವುದಿರಲಿ, ಸಾಕುವುದಿರಲಿ, ಹಟ್ಟಿಯ ಗಡಿಯೊಳಗೆ ಬಿಟ್ಟುಕೊಳ್ಳದ ಜನ ಇವರು.

“ದಾರ್ಯಾಗ ಬಡಕೊಂಡ್ನಿ ಸಾಹೇಬ್ರ, ಈ ಹಟ್ಟಿಗಿ ಕೋಳಿ ಬ್ಯಾಡ ಅಂತ,” ಎಂದ ಕೊಟ್ಟೂರಿನ ಡ್ರೈವರ್ ಅಸ್ಲಂ. “ನಿನಗೇನು ಗೊತ್ತು ಅಂದ್ರಿ.”

ಬಂಗಾರಪ್ಪ ಥರ್ಮೋಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ. “ಹಟ್ಟಿ ಮೈಲಿಗಿ ಆತು. ತೊಳದು ದೀಪ ಹಚ್ಚೋತನಕ ದೇವರೆತ್ತು ಇಲ್ಲಿ ನಿಲ್ಲಂಗಿಲ್ಲ. ಅಂಜಿನಿ, ಎತ್ತು ಬಿಡೋ.”

“ಎಲ್ಲಿಗಿ ಹೊಡೀಲಿ ಯಜಮಾನ್ರ?”

“ನೀ ಯಾಕ ಹೊಡೀತೀ? ಅವಕ್ಕ ಗೊತ್ತೈತಿ.”

ಅವಕ್ಕೆ ಗೊತ್ತಿತ್ತು. ಸೀದಾ ಕಾವಲಿನ ಗೇಟಿಗೆ ಹೋಗಿ ನಿಂತವು. ಹಟ್ಟಿಯಿಂದ ಹೊರಬೀಳುವ ಒಂದೇ ದಾರಿ ಆ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಹಡಗಲಿಯಲ್ಲಿ ಮೀಟಿಂಗಿದ್ದ ಸಾಹೇಬರ ಜೀಪು ಎತ್ತುಗಳ ಬಾಲದ ಹಿಂದೆ ಹಾರನ್ನು ಹೊಡೆಯುತ್ತ ನಿಂತಿತು.

“ಓಡಿಸ್ರೀ ಇವನ್ನ!”

“ದೇವರೆತ್ತಿಗಿ ಯಾರೂ ಕೋಲೆತ್ತಂಗಿಲ್ರಿ,” ಎಂದ ಅಂಜಿನಿ. “ಗೇಟ್ ತಗೀರಿ, ತಾವ ಒಳಗ ಹೊಕ್ಕಾವು.”

ಸಾಹೇಬರು ಗಾರ್ಡಿಗೆ ಫೋನು ಹಚ್ಚಿದರು. ಗಾರ್ಡು ಹರಪನಹಳ್ಳಿಯಲ್ಲಿ ಮದುವೆ ಊಟಕ್ಕೆ ಕೂತಿದ್ದ. ಎತ್ತೊಂದು ಬಾನೆಟ್ಟಿಗೆ ಕೊಂಬು ತೀಡತೊಡಗಿತು.

“ಒಡಿಯೋ ಆ ಬೀಗಾನ!” ಸಾಹೇಬರು ಕಿರುಚಿದರು. ಜಾಕಿನ ರಾಡು ಹಿಡಿದು ಕಾಯುತ್ತಿದ್ದವನಂತೆ ಅಸ್ಲಂ ಇಳಿದ. ಬೀಗ ಬಿತ್ತು. ಎತ್ತುಗಳು ಒಳನುಗ್ಗಿ ಹುಲ್ಲಿಗೆ ಬಾಯಿಟ್ಟವು. ಅಂಜಿನಿಗೆ ಕಣ್ಣು ತುಂಬಿ ಬಂತು.

“ಇದು ತಾತ್ಕಾಲಿಕ! ಹಕ್ಕು ಅಂದ್ಕೋಬೇಡಿ!” ಎನ್ನುತ್ತ ಜೀಪು ಧೂಳೆಬ್ಬಿಸಿತು.

ಸಂಜೆ ಗಾರ್ಡು ಹೊಸ ಬೀಗ ಹಿಡಿದುಕೊಂಡು ಬಂದ. “ಹೊರಗ ಬಾರೋ ಅಂಜಿನಿ, ಗೇಟ್ ಹಾಕ್ಬೇಕು.”

ಅಂಜಿನಿ ಎತ್ತುಗಳ ನಡುವೆ ಕಂಬಳಿ ಹಾಸಿ ಅಡ್ಡಾಗಿದ್ದ. ಏಳಲಿಲ್ಲ.

“ಹಾಕ್ರಿ,” ಎಂದ. “ನಾವು ಒಳಗ ಅದೀವಿ.”